ಬಸ್ಸು ಬಿಡುವಾಗ ಆಡಿದ ಮಾತು

ಎಮ್ಮಿಹೊಂಡ ನರ್ಸರಿ, ಕಿತ್ತೂರು ತಾಲ್ಲೂಕು
೨ ಜುಲೈ ೨೦೨೩, ರವಿವಾರ

ಭೀಮಶಿ ಅವರಿಗೆ ಅನ್ನಪೂರ್ಣಾ ಮಾಡುವ ನಮಸ್ಕಾರ.

ರಾಮದುರ್ಗ ಮುಟ್ಟಿದಿರೋ ಇಲ್ಲವೋ, ಒಂದು ಸುದ್ದಿಯಾದರೂ ಬೇಡವೇ? ಗುಡ್ಡ ಹತ್ತಿ, ಸಿಗ್ನಲ್ ಹುಡುಕಿ ಫೋನು ಮಾಡಿದರೆ ಅದು ಬಡಿದುಕೊಳ್ಳುತ್ತಲೇ ಇರುತ್ತದೆ, ನೀವು ಎತ್ತುವುದಿಲ್ಲ. ಅದಕ್ಕೇ ಕಾಗದ ಹಿಡಿದಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಗಬೇಡಿ. ನಕ್ಕರೂ ನನಗೇನೂ ಕಾಣುವುದಿಲ್ಲ ಬಿಡಿ.

ಮಿರಗದ ಮಳೆ ಕೈಕೊಟ್ಟಿತ್ತು, ಆರಿದ್ರಾ ಮಳೆ ಚೆನ್ನಾಗಿ ಹಿಡಿದಿದೆ. ಹೊಂಡ ಅರ್ಧ ತುಂಬಿದೆ. ಆಚೆ ದಂಡೆಯ ಕೆಸರಿನಲ್ಲಿ ಜೊಂಡು ಮೊಳಕಾಲೆತ್ತರ ಎದ್ದಿದೆ. ಕಾಡುಹಂದಿಗಳು ಬಂದು ಆ ಕೆಸರನ್ನೆಲ್ಲ ಕುಂಟೆ ಹೊಡೆದ ಹಾಗೆ ಕೆದರಿ ಹೋಗಿವೆ. ದೇವನಕ್ಕಿ ಹಕ್ಕಿಗಳು ಬಂದವು. ಉದ್ದ ಬಾಲ ಎತ್ತಿಕೊಂಡು, ನೀರಿನ ಮೇಲೆ ತಾವರೆಯ ಎಲೆಯಿಂದ ಎಲೆಗೆ, ಹೊಸ ಸೀರೆ ಉಟ್ಟವರು ರಾಡಿ ದಾಟುವ ಹಾಗೆ ನಡೆಯುತ್ತವೆ. ನೀವು ಕೂರುತ್ತಿದ್ದ ಮತ್ತಿ ಮರದ ಬುಡದ ಕಲ್ಲಿನ ಮೇಲೆ ಈಗ ಒಂದು ಉಡ ಬಿಸಿಲು ಕಾಯಿಸುತ್ತದೆ. ನಿಮ್ಮನ್ನು ಮೊದಲ ಸಲ ಆ ಕಲ್ಲಿನ ಮೇಲೆ ಕಂಡಾಗ ಮೀನು ಕದಿಯಲು ಬಂದವರೆಂದು ಕೋಲು ಹಿಡಿದು ಬಂದಿದ್ದೆನಲ್ಲ, ಉಡವನ್ನು ನೋಡಿ ಅದೇ ನೆನಪಾಯಿತು.

ಜನವರಿಯ ಹಕ್ಕಿ ಎಣಿಕೆಗೆ ಈ ಸಲವೂ ನಮ್ಮ ಹೊಂಡ ಸೇರಿದೆಯಂತೆ. ಫಾರೆಸ್ಟ್ ಸಾಹೇಬರು ಕೇಳಿದರು, 'ಆ ಬೈಲಹೊಂಗಲದ ಮಿಲ್ಲಿನ ಫಿಟ್ಟರ್ ಬರ್ತಾರಲ್ಲ?' ಎಂದು. ಕಣ್ಣು ಮುಚ್ಚಿ ಕೂಗು ಕೇಳಿ ಹಕ್ಕಿ ಹೇಳುವವರು ನಿಮ್ಮನ್ನು ಬಿಟ್ಟು ಇನ್ಯಾರಿದ್ದಾರೆ?

ಇನ್ನು, ಕಿತ್ತೂರು ಸ್ಟ್ಯಾಂಡಿನಲ್ಲಿ ಬಸ್ಸು ಬಿಡುವಾಗ ನಾನು ಕೇಳಿದ ಮಾತು. ನಾಚಿಕೆಗೆ ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದೆ. ನೀವು ಕಿಟಕಿಯಿಂದ ತಲೆ ಹೊರಗೆ ಹಾಕಿ 'ಬರತೇನ್ರಿ' ಎಂದಿರಿ. ಅಷ್ಟು ಬೇಗ, ಅಷ್ಟು ಸಲೀಸಾಗಿ ಹೇಳುತ್ತೀರೆಂದು ನಾನು ಎಣಿಸಿರಲಿಲ್ಲ. ಬಸ್ಸು ಹೋದ ಮೇಲೂ ಸ್ಟ್ಯಾಂಡಿನಲ್ಲಿ ನಿಂತೇ ಇದ್ದೆ. ಆ ಮಾತನ್ನು ಕಾಗದದಲ್ಲಿ ಇನ್ನೊಮ್ಮೆ ಬರೆಯುವ ಧೈರ್ಯ ನನಗಿಲ್ಲ. ಯಾವಾಗ ಬರುತ್ತೀರಿ, ಅಷ್ಟು ಬರೆಯಿರಿ. ಒಳಕೋಣೆಯ ಸಾಮಾನು ತೆಗೆಸಿ ಖಾಲಿ ಮಾಡಿದ್ದೇನೆ.

ಅನ್ನಪೂರ್ಣಾ


ರಾಮದುರ್ಗ
೧೪ ಜುಲೈ ೨೦೨೩

ಜೈ ಭೀಮ.

ಅನ್ನಪೂರ್ಣಾ ಅಕ್ಕಾರಿಗೆ,

ನಿಮ್ಮ ಕಾಗದ ಬಂತು. ಪೋಸ್ಟಿನವರು ಕಿಟಕಿಯೊಳಗೆ ಎಸೆದು ಹೋಗಿದ್ದರು, ಸಂಜೆಯವರೆಗೂ ನೆಲದ ಮೇಲೇ ಇತ್ತು. ಪ್ರಜ್ಞಾ ಡ್ಯೂಟಿ ಮುಗಿಸಿ ಬಂದವಳು ತುಳಿಯದೆ ಎತ್ತಿ ಕೊಟ್ಟಳು. ಅವಳ ಬಗ್ಗೆ ಹೇಳಿದ್ದೆನಲ್ಲ, ತೀರಿಹೋದ ನಮ್ಮ ಅಣ್ಣನ ಮಗಳು, ಇಲ್ಲಿ ದವಾಖಾನೆಯಲ್ಲಿ ನರ್ಸು. 'ಮಿಲ್ಲಿನ ಕೆಲಸಾ ಮುಗೀತಲ್ಲ ಕಾಕಾ, ಒಬ್ಬಾಂವ ಅಲ್ಲೇನ ಮಾಡ್ತಿ' ಎಂದು ಹಟ ಹಿಡಿದು ಕರೆಸಿಕೊಂಡವಳು. ಬಿಸಿ ಬಿಸಿ ಅನ್ನ ಹಾಕುತ್ತಾಳೆ, ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ನಮ್ಮ ಓಣಿಯಲ್ಲಿ ಮಗ್ಗಗಳಿವೆ. ಅವುಗಳ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಪ್ರಜ್ಞಾ ಒದ್ದಾಡುತ್ತಾಳೆ. ನನಗೆ ಒಳ್ಳೆಯ ನಿದ್ದೆ. ಹಗಲು ಮಲಪ್ರಭೆಯ ದಂಡೆಗೆ ಹೋಗಿ ಬೆಳ್ಳಕ್ಕಿ ನೋಡಿ ಬರುತ್ತೇನೆ. ನದಿ ದೊಡ್ಡದು, ಆದರೆ ಮಾತಾಡಲು ಯಾರೂ ಇಲ್ಲ. ಎಮ್ಮಿಹೊಂಡದಲ್ಲಿ ಹಾಗನ್ನಿಸಿರಲಿಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಕಂಡದ್ದನ್ನು ಚೆನ್ನಾಗಿ ಬರೆದಿದ್ದೀರಿ, ಕೇಳಿದ್ದನ್ನೂ ಬರೆಯಿರಿ. ಯಾವ ಹಕ್ಕಿ ಹೇಗೆ ಕೂಗಿತು, ಕೂಗುವಾಗ ಯಾವ ಕಡೆಯಿಂದ ಬಂತು, ಅದಕ್ಕೆ ಇನ್ನೊಂದು ಏನು ಉತ್ತರ ಕೊಟ್ಟಿತು. ನಿಮ್ಮ ಬಾಯಿಗೆ ಬಂದ ಅಕ್ಷರದಲ್ಲಿ ಬರೆದರೂ ಸಾಕು.

ನೀವು ಕೇಳಿದ ಮಾತು ನೆನಪಿದೆ. ಮರೆತಿಲ್ಲ. ಮುಂದೆ ನೋಡೋಣ.

ನಿಮ್ಮವ,
ಭೀಮಶಿ


ಎಮ್ಮಿಹೊಂಡ
೬ ಆಗಸ್ಟ್ ೨೦೨೩, ರವಿವಾರ

ಭೀಮಶಿ ಅವರಿಗೆ ನಮಸ್ಕಾರ.

ಮೊದಲು ಜಗಳ. ನನ್ನನ್ನು 'ಅಕ್ಕಾರ' ಎನ್ನಬೇಡಿರೆಂದು ಎಷ್ಟು ಸಲ ಹೇಳಿದ್ದೇನೆ? ನೀವೇ ನನಗಿಂತ ದೊಡ್ಡವರು. ಗುರುಬಸವ್ವ ಕಾಗದದ ಮೇಲಿನ ಹೆಸರು ಓದಿ, 'ಏನವಾ, ಇಷ್ಟ ದೊಡ್ಡ ತಮ್ಮ ನಿನಗ ಯಾವಾಗ ಹುಟ್ಟಿದಾ?' ಎಂದು ಸಸಿಯ ಚೀಲ ಕೆಳಗಿಟ್ಟು ನಕ್ಕಳು. ನರ್ಸರಿಯ ಹೆಂಗಸರಿಗೆಲ್ಲ ವಾರವಿಡೀ ಇದೇ ತಮಾಷೆ.

ನೀವು ಕೇಳಿದಿರೆಂದು ಬೆಳಿಗ್ಗೆ ಹೋಗಿ ನಿಮ್ಮ ಕಲ್ಲಿನ ಮೇಲೆ ಕೂತೆ. ಉಡ ಸಿಟ್ಟಿನಿಂದ ನೋಡಿ ಜಾಗ ಬಿಟ್ಟುಕೊಟ್ಟಿತು. ಹುಂಡುಕೋಳಿ ಜೊಂಡಿನೊಳಗಿಂದ 'ಕೊವ್ವಾಕ್, ಕೊವ್ವಾಕ್' ಎಂದು ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಗುರುಬಸವ್ವನ ಪ್ರಕಾರ ಅದು 'ಯಾಕ್ವಾ, ಯಾಕ್ವಾ' ಎಂದು ಕೇಳುತ್ತದೆ. ಶಿಳ್ಳೆಬಾತುಗಳು ಮರಿಗಳನ್ನು ಸಾಲುಗಟ್ಟಿ ನೀರಿಗಿಳಿಸಿದವು. ದೊಡ್ಡವು ಮೇಲೆ ಹಾರುವಾಗ 'ಸೀ-ಸಿಕ್, ಸೀ-ಸಿಕ್' ಎಂದು ಶಿಳ್ಳೆ. ಟಿಟ್ಟಿಭ ನನ್ನನ್ನು ಕಂಡರೆ ಈಗಲೂ ಬೈಯುತ್ತದೆ. ಮಿಂಚುಳ್ಳಿಯದು ಮಾತ್ರ ಬರೆಯಲು ಬರುತ್ತಿಲ್ಲ. ಸೂಜಿಯ ಮೊನೆಯಷ್ಟು ಸಣ್ಣ ದನಿ, 'ಚೀ' ಎನ್ನುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ. ನಿಮಗೆ ಗೊತ್ತೇ ಇದೆ, ನನಗೆ ಗುರುತು ಮಾಡಿಕೊಟ್ಟವರೇ ನೀವು.

ಒಂದು ಮಾತು ಮನಸ್ಸಿನಲ್ಲಿತ್ತು, ಬರೆದುಬಿಡುತ್ತೇನೆ. ಹೋದ ವರ್ಷವಿಡೀ ನಿಮ್ಮ ರೀತಿ ನನಗೆ ತಿಳಿಯಲಿಲ್ಲ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ನಾನೇನೋ ಕೇಳಿದರೆ ಸುಮ್ಮನೆ ನಕ್ಕು ದುರ್ಬೀನು ಏರಿಸುತ್ತಿದ್ದಿರಿ. ನನ್ನ ಮಾತು ನಿಮಗೆ ಬೇಸರ ತರುತ್ತದೆ ಎಂದುಕೊಂಡು ಎಷ್ಟೋ ಸಲ ಮನೆಗೆ ಬಂದು ಅತ್ತಿದ್ದೇನೆ. ನಮ್ಮವರು ತೀರಿಕೊಂಡು ಈ ನೌಕರಿಗೆ ಬಂದಾಗಿನಿಂದ ಒಬ್ಬಳೇ ಇರುವುದು ರೂಢಿಯಾಗಿತ್ತು. ಆ ರೂಢಿ ಕೆಡಿಸಿದವರು ನೀವು. ಅದಕ್ಕೇ ಸ್ಟ್ಯಾಂಡಿನಲ್ಲಿ ಆ 'ಬರತೇನ್ರಿ' ಕೇಳಿ ಹಳೆಯದನ್ನೆಲ್ಲ ಮರೆತೆ.

ಮುರಗೋಡಕ್ಕೆ ಹೋಗಿ ನಿಜಗುಣಪ್ಪಣ್ಣನಿಗೂ ಹೇಳಿದೆ. 'ಅಂವಾ ಯಾರು, ನಾವು ಯಾರು? ಮಂದಿ ಏನಂತಾರು?' ಎಂದ. 'ಮಂದಿ ಸಂಜೀಕ ನನ್ನ ಮನಿಗೆ ಬಂದು ಹೆಂಗದಿಯವಾ ಅಂತ ಕೇಳ್ತಾರೇನು? ಅವರು ಬರತೇನಿ ಅಂದಾರ, ನಾ ಬ್ಯಾಡ ಅನ್ನಂಗಿಲ್ಲ' ಎಂದೆ. ಅಣ್ಣ ಉಣ್ಣುತ್ತಿದ್ದ ತಾಟು ಸರಿಸಿ ಎದ್ದು ಹೋದ. ನನಗೆ ಬೇಸರವಾಯಿತು, ಹೆದರಿಕೆಯಾಗಲಿಲ್ಲ.

ಇನ್ನಾದರೂ ದಿನ ತಿಳಿಸಿರಿ.

ಅನ್ನಪೂರ್ಣಾ


ರಾಮದುರ್ಗ
೨೫ ಆಗಸ್ಟ್ ೨೦೨೩

ಜೈ ಭೀಮ.

ಅನ್ನಪೂರ್ಣಾ ಅವರಿಗೆ,

ನಿಮ್ಮ ಹುಂಡುಕೋಳಿಯನ್ನು ಓದಿ ಓದಿ ಕಾಗದ ಮಡಿಕೆಯಲ್ಲಿ ಹರಿದಿದೆ. ಮಿಂಚುಳ್ಳಿಯನ್ನೂ ಸರಿಯಾಗಿಯೇ ಹಿಡಿದಿದ್ದೀರಿ.

ನಿಮ್ಮ ಅಣ್ಣನವರ ವಿಷಯ ಓದಿ ಮನಸ್ಸು ಸರಿಯಿಲ್ಲ. ನನ್ನ ಕಾರಣಕ್ಕೆ ಒಡಹುಟ್ಟಿದವರಲ್ಲಿ ಮಾತು ನಿಲ್ಲುವುದು ಬೇಡ. ಬರತೇನಿ ಎಂದಿದ್ದೆ, ನಿಜ. ಆದರೆ ಈಗ ಬಂದು ನಾನು ಮಾಡುವುದೇನೂ ಇಲ್ಲ. ಮೊದಲಿನ ಹಾಗೆ ನಾನಿಲ್ಲ. ನನ್ನ ಜಾಗಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಅದೇನು ದೊಡ್ಡ ಮಾತಲ್ಲ. ಬೆಳಿಗ್ಗೆ ಬೇಗ ಏಳುವವರು, ಬಾಯಿ ಮುಚ್ಚಿಕೊಂಡು ಕೂರಬಲ್ಲವರು ಯಾರಾದರೂ ನಡೆಯುತ್ತದೆ. ನನಗಿಂತ ಚುರುಕಾದವರು ಬೇಕಾದಷ್ಟು ಜನ ಸಿಗುತ್ತಾರೆ.

ಬರುವಾಗ ನಿಮ್ಮ ಮನೆಯಲ್ಲಿ ಬಿಟ್ಟ ದುರ್ಬೀನು ನಿಮ್ಮಲ್ಲೇ ಇರಲಿ, ಬಂದವರಿಗೆ ಬೇಕಾಗುತ್ತದೆ. ಕೂಗುಗಳನ್ನು ಬರೆಯುವುದು ಮಾತ್ರ ಬಿಡಬೇಡಿ.

ಭೀಮಶಿ


ರಾಮದುರ್ಗ
೪ ಅಕ್ಟೋಬರ್ ೨೦೨೩

ಜೈ ಭೀಮ. ನಿಮ್ಮ ಕಾಗದವಿಲ್ಲ. ಮಳೆಗೆ ಹೊಂಡದ ಒಡ್ಡು ಒಡೆಯಿತೋ, ಮೈಗೆ ಹುಷಾರಿಲ್ಲವೋ ತಿಳಿಯದು. ಒಂದು ಸಾಲು ಬರೆಯಿರಿ.

ಭೀಮಶಿ


ಎಮ್ಮಿಹೊಂಡ
೩ ಡಿಸೆಂಬರ್ ೨೦೨೩

ಶ್ರೀ ಭೀಮಶಿ ಅವರಿಗೆ,

ಒಡ್ಡು ಗಟ್ಟಿಯಾಗಿದೆ. ನಾನೂ ಗಟ್ಟಿಯಾಗಿದ್ದೇನೆ. ನಿಮ್ಮ ದುರ್ಬೀನನ್ನು ಈ ದಿನ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ್ದೇನೆ, ಸ್ಟ್ಯಾಂಡಿಗೆ ಹೋಗಿ ಬಿಡಿಸಿಕೊಳ್ಳಿ. ಅದನ್ನು ಕೊಡಲು ಇಲ್ಲಿ ಯಾರೂ ಬರುವವರಿಲ್ಲ.

ಬಾಯಿ ಮುಚ್ಚಿಕೊಂಡು ಕೂರಬಲ್ಲವರು ಯಾರಾದರೂ ನಡೆಯುತ್ತದೆ ಎಂದು ಬರೆದಿರಿ. ನಾನು ನರ್ಸರಿಗೆ ಕಾವಲುಗಾರನನ್ನು ಹುಡುಕುತ್ತಿರಲಿಲ್ಲ. ಈ ವಯಸ್ಸಿನಲ್ಲಿ ಒಬ್ಬ ಹೆಂಗಸು ಸ್ಟ್ಯಾಂಡಿನ ಮಂದಿಯ ನಡುವೆ ನಿಂತು ಬಾಯಿ ಬಿಟ್ಟು ಕೇಳಬೇಕಾದರೆ ಅವಳಿಗೆ ಎಷ್ಟು ಕಷ್ಟವಾಗಿರುತ್ತದೆ ಎಂದು ಯೋಚಿಸಿದಿರಾ? ಬೇಡ ಎನ್ನಬಹುದಿತ್ತು. ಬೇಡ ಎಂದಿದ್ದರೆ ಮರುದಿನ ಎದ್ದು ಸಸಿಗೆ ನೀರು ಹಾಕಲು ಹೋಗುತ್ತಿದ್ದೆ. ನೀವು ಬರತೇನಿ ಎಂದಿರಿ. ಆ ಮಾತನ್ನು ನಂಬಿ ಅಣ್ಣನ ಮನೆ ಕಳೆದುಕೊಂಡೆ. ದೀಪಾವಳಿಗೂ ಅವನು ಕರೆಯಲಿಲ್ಲ.

ಚಳಿ ಬಿದ್ದಿದೆ. ಒಳಕೋಣೆಗೆ ಮತ್ತೆ ಗೊಬ್ಬರದ ಚೀಲ ತುಂಬಿಸಿದ್ದೇನೆ. ಹೊಂಡದ ಕೆಸರಿಗೆ ಸಿಪಿಲೆ ಹಕ್ಕಿ ಬಂದಿದೆ, ಯಾವಾಗಿನ ಹಾಗೆ ಬಾಲ ಕುಣಿಸುತ್ತ ಒಂದೇ ಓಡಾಡುತ್ತದೆ. ಅದು ಹೇಗೆ ಕೂಗಿತು ಎಂದು ಬರೆಯುವುದಿಲ್ಲ. ಬೇಕಿದ್ದವರು ಬಂದು ಕೇಳಿಕೊಳ್ಳಬೇಕು.

ಅನ್ನಪೂರ್ಣಾ


ರಾಮದುರ್ಗ
೧೨ ಡಿಸೆಂಬರ್ ೨೦೨೩

ಅನ್ನಪೂರ್ಣಾ ಅವರಿಗೆ,

ದುರ್ಬೀನು ಬಂತು. ನಿಮ್ಮ ಕಾಗದವೂ ಬಂತು. ಅದನ್ನು ಓದಿದಾಗಿನಿಂದ ಈ ಕಾಗದ ಬರೆದು ಹರಿದು, ಬರೆದು ಹರಿದು ಸಾಕಾಗಿದೆ.

ಬಂದು ಕೇಳಿಕೊಳ್ಳಿ ಎಂದಿದ್ದೀರಿ. ಬಂದರೂ ಕೇಳುವುದಿಲ್ಲ. ನನಗೆ ಕಿವಿ ಹೋಗಿವೆ.

ಹತ್ತಿ ಮಿಲ್ಲಿನ ಜಿನ್ನುಗಳ ಪಕ್ಕದಲ್ಲೇ ಜೀವಮಾನ ಕಳೆದವನು ನಾನು. ಅರಳೆ ಹಿಂಜುವ ಯಂತ್ರ ತಿರುಗಲು ಹತ್ತಿದರೆ ಪಕ್ಕದವನ ಮಾತೂ ಕೇಳುವುದಿಲ್ಲ. ನಾವೆಲ್ಲ ಕೈಸನ್ನೆಯಲ್ಲೇ ಕೆಲಸ ಮಾಡುತ್ತಿದ್ದೆವು. ಒಮ್ಮೆಲೇ ಏನೂ ಆಗಲಿಲ್ಲ. ಮೊದಲು ಸಣ್ಣ ದನಿಗಳು ಹೋದವು. ಒಂದು ರವಿವಾರ ಮಿಂಚುಳ್ಳಿ ನನ್ನ ಮುಂದೆಯೇ ಹಾರಿತು, ಕೊಕ್ಕು ತೆರೆದದ್ದು ಕಂಡಿತು, ದನಿ ಬರಲಿಲ್ಲ. ಹಕ್ಕಿಗೇ ಏನೋ ಆಗಿದೆ ಎಂದುಕೊಂಡೆ, ನೋಡಿರಿ ನನ್ನ ಬುದ್ಧಿ. ಆಮೇಲೆ ಸಿಪಿಲೆ, ಆಮೇಲೆ ಶಿಳ್ಳೆಬಾತು. ಕಪ್ಪೆಗಳು ಕಡೆಯವರೆಗೂ ಉಳಿದವು. ಮನುಷ್ಯರಲ್ಲೂ ಹಾಗೆಯೇ, ಗಂಡಸರ ದಪ್ಪ ದನಿ ಒಂದಿಷ್ಟು ಉಳಿಯಿತು, ಹೆಂಗಸರದು ಹೋಯಿತು. ನಿಮ್ಮದು ಸಣ್ಣ ದನಿ. ಮಿಂಚುಳ್ಳಿಯ ಹಿಂದೆಯೇ ಹೋಗಿದ್ದು ಅದೇ.

ಹಿಂದಿನಿಂದ ಕರೆದಾಗ ನಾನು ತಿರುಗಲಿಲ್ಲ ಎಂದು ಬರೆದಿರಿ. ಕರೆದಿದ್ದೀರಿ ಎಂದೇ ನನಗೆ ಗೊತ್ತಿರಲಿಲ್ಲ. ನೀವು ಎದುರಿಗೆ ಬಂದು ಮಾತಾಡಿದರೆ ತುಟಿ ನೋಡಿ ಅರ್ಧ ತಿಳಿಯುತ್ತಿತ್ತು, ತಿಳಿಯದ ಅರ್ಧಕ್ಕೆ ನಗುತ್ತಿದ್ದೆ. ಕೂಗು ಕೇಳಿ ಹಕ್ಕಿ ಹೇಳುವವನು ಎಂದು ಎಲ್ಲರ ಮುಂದೆ ನೀವು ಹೆಮ್ಮೆಯಿಂದ ಹೇಳುತ್ತಿದ್ದಿರಿ. ಅದೊಂದೇ ನನ್ನಲ್ಲಿದ್ದ ದೊಡ್ಡಸ್ತಿಕೆ. ಅದೂ ಹೋಯಿತು ಎಂದು ನಿಮಗೆ ಹೇಳಲು ನನ್ನಿಂದಾಗಲಿಲ್ಲ. ಪ್ರಜ್ಞಾ ಕರೆದದ್ದೇ ನೆವ ಮಾಡಿಕೊಂಡು ಬಂದುಬಿಟ್ಟೆ. ಅವಳೇ ಸವದತ್ತಿಯ ಕ್ಯಾಂಪಿಗೆ ಕರೆದೊಯ್ದು ಕಿವಿಗೆ ಯಂತ್ರ ಹಾಕಿಸಿದಳು. ಹಾಕಿಕೊಂಡರೆ ಸೌಟಿನ ಸದ್ದೂ ಮಿಲ್ಲಿನ ಸದ್ದೇ. ಡಬ್ಬಿಯಲ್ಲಿಟ್ಟಿದ್ದೇನೆ.

ಈಗ ಸ್ಟ್ಯಾಂಡಿನ ಮಾತು. ಬಸ್ಸಿನ ಎಂಜಿನ್ ನಡುಗುತ್ತಿತ್ತು. ನೀವು ಕೆಳಗೆ ನಿಂತು ಏನೋ ಹೇಳಿದಿರಿ. ಸೆರಗು ಬಾಯಿಗೆ ಅಡ್ಡ ಇತ್ತು, ತುಟಿ ಕಾಣಲಿಲ್ಲ, ಕಣ್ಣು ಮಾತ್ರ ಕಂಡವು. ಬಸ್ಸು ಬಿಡುವಾಗ ಕೆಳಗೆ ನಿಂತವರು ಮತ್ತೇನು ಹೇಳುತ್ತಾರೆ, ಹುಷಾರಾಗಿ ಹೋಗಿ ಬರ್ರಿ ಎನ್ನುತ್ತಾರೆ. ಹೋಗುವವನು ಏನು ಹೇಳಬೇಕೋ ಅದನ್ನು ಹೇಳಿದೆ. ನಮ್ಮ ಕಡೆ ಹೋಗತೇನಿ ಎಂದು ಯಾರಾದರೂ ಅನ್ನುತ್ತಾರೆಯೇ? ಬರತೇನ್ರಿ ಎಂದೆ. ಅದು ಉತ್ತರವಾಗಿರಲಿಲ್ಲ, ಹೊರಡುವ ಮಾತು.

ನಿಮ್ಮ ಕಾಗದ ಓದಿ, ನೀವು ಕೇಳಿದ್ದು ಜನವರಿಯ ಎಣಿಕೆಗೆ ಬರುವ ವಿಷಯವಿರಬೇಕು ಎಂದುಕೊಂಡೆ. ಒಳಕೋಣೆ ಎಂದಾಗ, ಎಣಿಕೆಗೆ ಬಂದವರು ಉಳಿಯಲಿಕ್ಕೆ ಎಂದುಕೊಂಡೆ. ಅಣ್ಣನವರ ಮಾತು ಓದಿದಾಗ ಬೇರೊಂದು ಅರ್ಥ ಹೊಳೆಯಿತು. ಸುಳ್ಳು ಹೇಳುವುದಿಲ್ಲ, ಹೊಳೆಯಿತು. ಆದರೆ ನನ್ನಂಥವನ ಮಟ್ಟಿಗೆ ಅದು ಆಗುವ ಮಾತಲ್ಲ ಎಂದು ತಳ್ಳಿಹಾಕಿದೆ. ಬಾಯಿ ಮುಚ್ಚಿಕೊಂಡು ಕೂರುವವರು ಸಾಕು ಎಂದು ಬರೆದದ್ದು ಹಕ್ಕಿ ಎಣಿಸಲಿಕ್ಕೆ. ನೀವು ಅದನ್ನು ಹೇಗೆ ಓದಿಕೊಂಡಿರೆಂದು ಈಗ ತಿಳಿದು ಉಂಡ ಅನ್ನ ಮೈಗೆ ಹತ್ತುತ್ತಿಲ್ಲ.

ಅನ್ನಪೂರ್ಣಾ, ನೀವು ಏನು ಕೇಳಿದಿರಿ? ಬರೆಯಿರಿ. ಬರೆಯದಿದ್ದರೂ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಭೀಮಶಿ


ಎಮ್ಮಿಹೊಂಡ
೩೧ ಡಿಸೆಂಬರ್ ೨೦೨೩, ರವಿವಾರ

ಜೈ ಭೀಮ.

ಭೀಮಶಿ ಅವರಿಗೆ,

ನಿಮ್ಮ ಕಾಗದದ ಮೇಲೆ ಯಾವಾಗಲೂ 'ಜೈ ಭೀಮ' ಎಂದು ಬರೆಯುತ್ತೀರಿ, ಈ ಸಲ ಬರೆದಿರಲಿಲ್ಲ. ಬರೆದು ಹರಿಯುವ ಗಡಿಬಿಡಿಯಲ್ಲಿ ಮರೆತಿರಬೇಕು ಎಂದು ನಾನೇ ಬರೆದಿದ್ದೇನೆ.

ಮೊದಲು ಬಹಳ ಸಿಟ್ಟು ಬಂತು. ನೀವು ಎದುರಿಗಿದ್ದಿದ್ದರೆ ಆ ಉಡದ ಕಲ್ಲಿನ ಮೇಲೆ ಕೂರಿಸಿ ಬೈಯುತ್ತಿದ್ದೆ, ಕೇಳಿಸದಿದ್ದರೂ ಬೈಯುತ್ತಿದ್ದೆ. ವರ್ಷವಿಡೀ ನಾನು ನಿಮ್ಮ ಬೆನ್ನಿಗೆ ಮಾತಾಡಿದ್ದೇನೆ. ಹೊಂಡದ ದಾರಿಯಲ್ಲಿ ನೀವು ಮುಂದೆ, ನಾನು ಹಿಂದೆ. ಮನಸ್ಸಿನಲ್ಲಿದ್ದ ಎಷ್ಟೋ ಮಾತು ಆ ದಾರಿಯಲ್ಲೇ ಹೇಳಿ ಮುಗಿಸಿದ್ದೆ, ಎದುರಿಗೆ ಹೇಳಲು ನಾಚಿಕೆ ಎಂದು. ನೀವು ಕೇಳಿಯೂ ಸುಮ್ಮನಿದ್ದೀರಿ ಎಂದುಕೊಂಡಿದ್ದೆ. ಒಂದೂ ನಿಮಗೆ ಮುಟ್ಟಲಿಲ್ಲವಲ್ಲ ಎಂದು ನೆನೆದು ಅಳು ಬಂತು. ಅತ್ತ ಮೇಲೆ ನಗುವೂ ಬಂತು. ಸೆರಗು ಅಡ್ಡ ಹಿಡಿದವಳು ನಾನೇ ಅಲ್ಲವೇ.

ನಿಮ್ಮ ಕಿವಿಯ ದೊಡ್ಡಸ್ತಿಕೆ ನಿಮ್ಮ ಹತ್ತಿರವೇ ಇರಲಿ. ನಾನು ಕಿವಿಯನ್ನು ಮನೆಗೆ ಕರೆದಿರಲಿಲ್ಲ.

ನಾನು ಕೇಳಿದ್ದು ಇಷ್ಟು: 'ವಾರಕ್ಕೊಮ್ಮೆ ಬಂದು ಹೋಗೂದು ಸಾಕ ಮಾಡ್ರಿ. ನನ್ನ ಮನಿಗೆ ಬರ್ತೀರೇನು, ಕಾಯಂ?' ಇದನ್ನು ಬರೆಯುವ ಮೊದಲು ಎದ್ದು ಹೋಗಿ ಬಾಗಿಲು ಹಾಕಿ ಬಂದೆ. ಈಗ ನೀವು ಸಾವಕಾಶ ಓದಬಹುದು, ಬೇಕಾದಷ್ಟು ಸಲ ಓದಬಹುದು. ಎಂಜಿನ್ನಿನ ಸದ್ದಿಲ್ಲ, ಸೆರಗೂ ಇಲ್ಲ. ಬೇಡವಾದರೆ ಬೇಡ ಎಂದೇ ಬರೆಯಿರಿ. ಬರತೇನಿ ಎಂದು ಸುಮ್ಮನೆ ಬರೆಯಬೇಡಿರಿ, ಆ ಮಾತನ್ನು ಇನ್ನು ನಾನು ನಂಬುವುದಿಲ್ಲ.

ಅಣ್ಣ ಇನ್ನೂ ಮಾತಾಡಿಲ್ಲ. ಮುಂದೆಯೂ ಮಾತಾಡಲಿಕ್ಕಿಲ್ಲ. ಅದೂ ನಿಮಗೆ ತಿಳಿದಿರಲಿ.

ಸಿಪಿಲೆ ಈ ಬೆಳಿಗ್ಗೆ ನರ್ಸರಿಯ ಕೊಳಾಯಿಯ ಹತ್ತಿರವೇ ಬಂದಿತ್ತು. 'ಚಿಸಿಕ್' ಎಂದಿತು. ಸ್ವಲ್ಪ ತಡೆದು ಮತ್ತೆ 'ಚಿಸಿಕ್'. ಜೊತೆಯದು ಯಾವುದೂ ಉತ್ತರ ಕೊಡಲಿಲ್ಲ. ಆದರೂ ಕೂಗಿತು.

ಅನ್ನಪೂರ್ಣಾ


ರಾಮದುರ್ಗ
೧೧ ಜನವರಿ ೨೦೨೪

ಜೈ ಭೀಮ.

ಅನ್ನಪೂರ್ಣಾ,

ಈ ಕಾಗದ ಮೊದಲು ಮುಟ್ಟುತ್ತದೆಯೋ ನಾನು ಮೊದಲು ಮುಟ್ಟುತ್ತೇನೋ ಗೊತ್ತಿಲ್ಲ. ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಕಾಗದವನ್ನು ಸ್ಟ್ಯಾಂಡಿನ ಡಬ್ಬಿಗೆ ಹಾಕುತ್ತೇನೆ. ಬೈಲಹೊಂಗಲದಲ್ಲಿ ಬಸ್ಸು ಬದಲಿಸಬೇಕು. ಒಂದು ಟ್ರಂಕು, ಹಾಸಿಗೆಯ ಸುರುಳಿ, ದುರ್ಬೀನು ಇಷ್ಟೇ ನನ್ನ ಸಾಮಾನು. ಗೊಬ್ಬರದ ಚೀಲ ನಾನೇ ಬಂದು ತೆಗೆಯುತ್ತೇನೆ, ನೀವು ಎತ್ತಬೇಡಿರಿ.

ಪ್ರಜ್ಞಾಳಿಗೆ ಎಲ್ಲ ಹೇಳಿದೆ. ಮೊದಲು ಬೆರಗಾದಳು, ಆಮೇಲೆ ನನ್ನ ಅಂಗಿಗೆ ಇಸ್ತ್ರಿ ಹಾಕಿದಳು. ಕಿವಿಯ ಯಂತ್ರವನ್ನು ಟ್ರಂಕಿನಲ್ಲಿ ತುರುಕಿ, 'ಅಕಿ ಬೈಯೂದಾರ ಕೇಳ್ಸಲಿ ಕಾಕಾ' ಎಂದಳು.

ಈ ಕಡೆಯ ಸಾಲುಗಳನ್ನು ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊಸ್ತಿಲು ದಾಟುವಾಗ ಅವಳಿಗೆ 'ಹೋಗತೇನಿ' ಎಂದೆ. ಅವಳು ಗಾಬರಿಯಾಗಿ ನನ್ನ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: 'ಹಂಗ ಅನಬಾರದು ಕಾಕಾ. ಬರತೇನಿ ಅನ್ನು.'

'ಆ ಮಾತು ಬ್ಯಾರೇದವರಿಗೆ ಕೊಟ್ಟೇನವಾ' ಎಂದೆ.

ಭೀಮಶಿ